ಆನೆ ಬಂತಾ, ಬಂದ್ನಾ?

2023ರ ಡಿಸೆಂಬರ್ 4ರ ಸಂಜೆ ನಮ್ಮ ಹಾಸನದಲ್ಲಿ ಯಾರ ಮೊಬೈಲ್ ನೋಡಿದ್ರೂ ಒಂದೇ ಸುದ್ದಿ. ದಸರಾದಲ್ಲಿ 8 ಸಲ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ, ಸಕಲೇಶಪುರದ ಯಸಳೂರು ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಗೆ ಬಂದವ್ನು, ಒಂದು ಸಲಗದ ಜೊತೆ ಕಾದಾಡಿ ಸತ್ತೋದ. ನೋಡಿ, 'ಸತ್ತೋಯ್ತು' ಅಂತ ಬರೆಯಕ್ಕೆ ನಂಗೂ ಕೈ ಬರ್ಲಿಲ್ಲ. ವ್ಯಾಕರಣದ ಪ್ರಕಾರ ಆನೆ ನಪುಂಸಕಲಿಂಗ, ಬಂತು ಹೋಯ್ತು ಅನ್ನಬೇಕು, ಆದ್ರೆ ನಮ್ಮ ಜನರ ಬಾಯಲ್ಲಿ ಅವತ್ತು ಅರ್ಜುನ 'ಹೋರಾಡಿದ', ಎದುರಿಗಿದ್ದ ಕಾಡಾನೆ ಮಾತ್ರ 'ದಾಳಿ ಮಾಡ್ತು'. ಎರಡೂ ಆನೇನೇ. ಇದೇ ಸುದ್ದೀನ ಇಂಗ್ಲಿಷಲ್ಲಿ ಬರೆದ್ರೆ ಕ್ರಿಯಾಪದದ ಕೊನೆಯಲ್ಲಿ ಈ ವ್ಯತ್ಯಾಸ ಇಡಕ್ಕೆ ಜಾಗಾನೇ ಇಲ್ಲ.

ಬೇಲೂರು ಕಡೆ ಓಡಾಡೋ ಒಂದು ಕಾಡಾನೆಗೆ ಜನ ಭೀಮ ಅಂತ ಹೆಸರಿಟ್ಟವ್ರೆ. ಟೀ ಅಂಗಡೀಲಿ ಒಬ್ರು 'ಭೀಮ ಬಂದವ್ನಂತೆ, ಆ ದಾರೀಲಿ ಹೋಗ್ಬ್ಯಾಡ' ಅಂದ್ರು ಅಂದ್ಕೊಳಿ. ಆ 'ಬಂದವ್ನಂತೆ' ಒಂದು ಪದದಲ್ಲಿ ಬಂದಿದ್ದೂ ಇದೆ, ಅವನು ಪರಿಚಯದವನು ಅನ್ನೋದೂ ಇದೆ, ನಾನು ಕಣ್ಣಾರೆ ನೋಡಿಲ್ಲ ಯಾರೋ ಹೇಳಿದ್ದು ಅನ್ನೋದೂ ಇದೆ. ಟರ್ಕಿಶ್ ಭಾಷೆಯಲ್ಲೂ 'ಮಿಶ್' ಅಂತ ಒಂದು ಪ್ರತ್ಯಯ ಇದೆ, ಹೆಚ್ಚುಕಮ್ಮಿ ನಮ್ಮ 'ಅಂತೆ' ಕೆಲಸಾನೇ ಮಾಡುತ್ತೆ. ಆದ್ರೆ ಸುದ್ದಿ ಬರೆಯೋವಾಗ ನಾವು 'ಅಂತೆ' ಬಿಟ್ಟು 'ಎನ್ನಲಾಗಿದೆ' ಹಾಕ್ತೀವಿ. ಟೀ ಅಂಗಡಿ 'ಅಂತೆ'ಗೆ ಯಾರಪ್ಪಾ ಹೇಳಿದ್ದು ಅಂತ ತಿರುಗಿಸಿ ಕೇಳ್ಬೋದು, 'ಎನ್ನಲಾಗಿದೆ'ನ ಯಾರ್ ಹತ್ರ ಕೇಳೋದು?

ಇದೆಲ್ಲಾ ಬರೀ ಪದದ ಆಟ ಅಲ್ಲ, ಓದೋರ ತೀರ್ಮಾನ ಬದಲಾಗುತ್ತೆ. 2004ರಲ್ಲಿ ಅಮೆರಿಕದ ಸೂಪರ್ ಬೌಲ್ ಅನ್ನೋ ದೊಡ್ಡ ಪಂದ್ಯದ ಕಾರ್ಯಕ್ರಮದಲ್ಲಿ, ಜೊತೆಗೆ ಹಾಡ್ತಿದ್ದ ಗಾಯಕನ ಕೈಯಲ್ಲಿ ಗಾಯಕಿಯ ಬಟ್ಟೆ ವೇದಿಕೆ ಮೇಲೇ ಹರಿದುಹೋದ ಪ್ರಸಂಗ ಇಟ್ಕೊಂಡು ಫಾಸಿ, ಬೊರೊಡಿಟ್ಸ್ಕಿ ಅನ್ನೋ ಸಂಶೋಧಕಿಯರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಕೆಲವರಿಗೆ 'ಅವನು ಹರಿದ' ಅನ್ನೋ ಥರದ ವಾಕ್ಯ, ಇನ್ ಕೆಲವರಿಗೆ 'ಹರೀತು' ಅನ್ನೋ ಥರದ್ದು. 'ಹರಿದ' ಅಂತ ಓದಿದವ್ರು ಆ ಗಾಯಕನಿಗೆ ಜಾಸ್ತಿ ದಂಡ ಹಾಕಿದ್ರು, ವಿಡಿಯೋ ತೋರಿಸಿದ್ರೂ ಅಷ್ಟೇ. ಈಗ ಚಾರ್ಮಾಡಿ ಘಾಟಿಯ ಆಕ್ಸಿಡೆಂಟ್ ಸುದ್ದಿ ನೆನಪು ಮಾಡ್ಕೊಳಿ, 'ಚಾಲಕನ ನಿಯಂತ್ರಣ ತಪ್ಪಿ ಬಸ್ ಪಲ್ಟಿ'. ತಪ್ಪಿದ್ದು ನಿಯಂತ್ರಣ, ಪಲ್ಟಿ ಆಗಿದ್ದು ಬಸ್ಸು, ಡ್ರೈವರ್ ಪಾಪ ಏನೂ ಮಾಡ್ಲೇ ಇಲ್ಲ!

ಹಂಗಂತ ಎಲ್ಲಾನೂ ವ್ಯಾಕರಣದ ತಲೆಗೆ ಕಟ್ಟಕ್ಕಾಗಲ್ಲ. 1991ರಲ್ಲಿ ಅಮೆರಿಕದಲ್ಲಿ ಒಬ್ಬ ಚೀನೀ ವಿದ್ಯಾರ್ಥಿ, ಇನ್ನೊಬ್ಬ ಅಮೆರಿಕನ್ ಅಂಚೆ ನೌಕರ, ಬೇರೆ ಬೇರೆ ಕಡೆ ಗುಂಡು ಹಾರಿಸಿ ಹಲವರನ್ನ ಕೊಂದ್ರು. ಮಾರಿಸ್ ಮತ್ತೆ ಪೆಂಗ್ ಅನ್ನೋ ಸಂಶೋಧಕರು 1994ರಲ್ಲಿ ಈ ಸುದ್ದಿಗಳನ್ನ ಹೋಲಿಸಿ ನೋಡಿದಾಗ, ನ್ಯೂಯಾರ್ಕ್ ಟೈಮ್ಸ್ ಇಬ್ಬರ ವಿಷಯದಲ್ಲೂ ಆಸಾಮಿ ಸ್ವಭಾವಾನೇ ಜಾಸ್ತಿ ಕೆದಕಿತ್ತು, ಚೀನೀ ಭಾಷೆಯ ವರ್ಲ್ಡ್ ಜರ್ನಲ್ ಪರಿಸ್ಥಿತಿ ಕಡೆ ಜಾಸ್ತಿ ಕೈ ತೋರಿಸ್ತು, ಗೈಡ್ ಜೊತೆ ಜಗಳ, ಕೆಲಸ ಹೋಗಿದ್ದು ಹಿಂಗೆ. ಅಲ್ಲಿ ಬದಲಾಗಿದ್ದು ಪ್ರತ್ಯಯ ಅಲ್ಲ, 'ಯಾಕೆ' ಅನ್ನೋದಕ್ಕೆ ಉತ್ತರ ಹುಡುಕೋ ಜಾಗ.

ನಂದೂ ಒಂದು ಕಥೆ ಇದೆ. ಹಿಂದೆ ಒಂದು ಸಣ್ಣ ಪೇಪರ್‌ಗೆ ಇಂಗ್ಲಿಷ್ ಸುದ್ದಿ ಕನ್ನಡಕ್ಕೆ ಮಾಡಿಕೊಡ್ತಿದ್ದೆ. ಒಬ್ಬರ ಬಂಧನದ ಸುದ್ದಿ ಬಂತು, ಇಂಗ್ಲಿಷಲ್ಲಿ 'ಹೀ' ಅಂತಿತ್ತು, ಅದಕ್ಕೆ ಅವನೂ ಆಗುತ್ತೆ ಅವರೂ ಆಗುತ್ತೆ, ನಾನು ಯೋಚನೆನೇ ಮಾಡದೆ 'ಅವನು' ಹಾಕ್ದೆ, ಅರೆಸ್ಟ್ ಆದವ್ರಿಗೆ ಏಕವಚನ ಅಂತ ಕೈಗೆ ರೂಢಿ. ವಾರ ಕಳೆದ್ಮೇಲೆ ಬಸ್ ಸ್ಟ್ಯಾಂಡಲ್ಲಿ ಅವರ ಅಣ್ಣ ಸಿಕ್ಕಿ, 'ಸುದ್ದಿ ಸುಳ್ಳು ಅಂತ ಹೇಳ್ತಿಲ್ಲ ಸಾರ್. ಅವನು ಮೇಷ್ಟ್ರು, ಊರಲ್ಲಿ ಮಕ್ಕಳಿಂದ ಮುದುಕರ ತನಕ ಹೋಗಿ ಬನ್ನಿ ಅಂತಾರೆ, ನೀವ್ಯಾಕೆ ಅವನು ಅಂದ್ರಿ?' ಅಂದ್ರು. ಕೊನೆಗೆ ಕೇಸ್ ನಿಲ್ಲಲಿಲ್ಲ. ಆ ಸುದ್ದೀನ ನಾನೇ ಬರ್ದೆ, ಒಳಪುಟದಲ್ಲಿ ನಾಲ್ಕೇ ಸಾಲು, 'ಅವರು' ಅಂತ.