ಬಸುರಿಯ ರೋಗನಿರೋಧಕ ಶಕ್ತಿ ನಿದ್ದೆ ಹೋಗುವುದಿಲ್ಲ

ಗರ್ಭ ನಿಂತೊಡನೆ ಹೆಣ್ಣಿನ ರೋಗನಿರೋಧಕ ಶಕ್ತಿ ಉಡುಗಿಹೋಗುತ್ತದೆ ಎಂದು ಓದಿಕೊಂಡವರೂ ಹೇಳುತ್ತಾರೆ. ಗರ್ಭಿಣಿಯ ರಕ್ತಪರೀಕ್ಷೆಯ ವರದಿಯೊಂದನ್ನು ನೋಡಿದರೂ ಸಾಕು, ಈ ಮಾತು ಸುಳ್ಳೆಂದು ತಿಳಿಯುತ್ತದೆ. ಬಿಳಿ ರಕ್ತಕಣಗಳ ಸಂಖ್ಯೆ ಅಲ್ಲಿ ಏರಿರುತ್ತದೆ, ಅದರಲ್ಲೂ ಸೋಂಕಿನ ಜಾಗಕ್ಕೆ ಮೊದಲು ಧಾವಿಸುವ ನ್ಯೂಟ್ರೋಫಿಲ್‌ಗಳದು.

ಈ ತಪ್ಪು ಕಲ್ಪನೆಗೆ ದೊಡ್ಡವರ ಬೆಂಬಲವೂ ಇತ್ತು. ಭ್ರೂಣದ ಅರ್ಧದಷ್ಟು ಜೀನ್‌ಗಳು ತಂದೆಯವು. ಬೇರೊಬ್ಬರ ಚರ್ಮ ಕಸಿ ಮಾಡಿದರೆ ತಿರಸ್ಕರಿಸುವ ದೇಹ ಇದನ್ನು ಒಂಬತ್ತು ತಿಂಗಳು ಹೇಗೆ ಸಹಿಸುತ್ತದೆ? 1953ರಲ್ಲಿ ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ ಎತ್ತಿದ ಈ ಪ್ರಶ್ನೆ ಅಮೋಘವಾದದ್ದು. ಅವರು ಮುಂದಿಟ್ಟ ಮೂರು ಸಾಧ್ಯತೆಗಳಲ್ಲಿ ಒಂದು, ತಾಯಿಯ ರಕ್ಷಣಾ ವ್ಯವಸ್ಥೆ ಜಡವಾಗುತ್ತದೆ ಎಂಬುದು. ಅದು ನಿಜವಾಗಲಿಲ್ಲ. ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದಲ್ಲಿ ತುಂಬಿಕೊಳ್ಳುವ ಎನ್‌ಕೆ (ನ್ಯಾಚುರಲ್ ಕಿಲ್ಲರ್, ಅಂದರೆ ಸಹಜ ಹಂತಕ) ಎಂಬ ರಕ್ಷಣಾ ಕಣಗಳು ಹೆಸರಿಗೆ ತಕ್ಕಂತೆ ಭ್ರೂಣವನ್ನು ಕೊಲ್ಲುವುದಿಲ್ಲ. ಅದಕ್ಕೆ ರಕ್ತ ತರುವ ನಾಳಗಳನ್ನು ಹಿಗ್ಗಿಸಲು ನೆರವಾಗುತ್ತವೆ. ರಕ್ಷಣಾ ವ್ಯವಸ್ಥೆಯ ದಾಳಿಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕಣಗಳಿಲ್ಲದ ಇಲಿಗಳಲ್ಲಿ ತಾಯಿಯ ದೇಹ ಭ್ರೂಣವನ್ನು ತಿರಸ್ಕರಿಸುತ್ತದೆಂದು 2004ರಲ್ಲಿ ಕಂಡುಬಂತು. ಸಹನೆಯೆಂಬುದು ಈ ಕಣಗಳು ಎಡೆಬಿಡದೆ ಮಾಡುವ ಕೆಲಸ.

ಹೆರಿಗೆಯೂ ರಕ್ಷಣಾ ಕಣಗಳದೇ ಕೈಚಳಕ. ದಿನ ತುಂಬಿದಾಗ ನ್ಯೂಟ್ರೋಫಿಲ್‌ಗಳೂ ಮ್ಯಾಕ್ರೋಫೇಜ್ ಎಂಬ ಕಬಳಿಸುವ ಕಣಗಳೂ ಗರ್ಭಕೋಶದ ಸ್ನಾಯುವಿಗೆ, ಅದರ ಕೊರಳಿಗೆ ನುಗ್ಗುತ್ತವೆ. ಅವು ಸ್ರವಿಸುವ ಇಂಟರ್‌ಲ್ಯೂಕಿನ್ ಎಂಬ ಸಂದೇಶವಾಹಕಗಳು ಸ್ನಾಯುವನ್ನು ಸಂಕುಚಿಸಲು ಪ್ರೇರೇಪಿಸುವ ಪ್ರೋಸ್ಟಗ್ಲಾಂಡಿನ್‌ನ ಉತ್ಪಾದನೆಯನ್ನು ಹೆಚ್ಚಿಸುತ್ತವೆ, ಸ್ನಾಯು ಸಂಕುಚಿಸತೊಡಗುತ್ತದೆ. ಕಿಣ್ವಗಳು ಕೊರಳನ್ನು ಬಿಗಿಯಾಗಿಟ್ಟಿದ್ದ ಕೊಲಾಜೆನ್ ಎಳೆಗಳನ್ನು ಕತ್ತರಿಸಿ ಕೊರಳನ್ನು ಮೆದುಗೊಳಿಸುತ್ತವೆ. ರೋಗಾಣುವೇ ಇಲ್ಲದ ಉರಿಯೂತವಿದು! ಸೋಂಕು ಒಳಹೊಕ್ಕು ಇದೇ ಸರಣಿಯನ್ನು 37 ವಾರಕ್ಕೆ ಮೊದಲೇ ಎಬ್ಬಿಸಿದರೆ ಅವಧಿಪೂರ್ವ ಹೆರಿಗೆ. ಸೋಂಕಿನ ಸುಳಿವೇ ಇಲ್ಲದೆ ಆಗುವುದೂ ಉಂಟು. 2020ರಲ್ಲಿ ಜಗತ್ತಿನಲ್ಲಿ ಹೀಗೆ ಬೇಗ ಹುಟ್ಟಿದ ಶಿಶುಗಳು ಸುಮಾರು 1.34 ಕೋಟಿ, ಹತ್ತರಲ್ಲಿ ಒಂದು. ಆದರೂ ತಾಯಿ ನಡೆದದ್ದು ಹೆಚ್ಚಾಯಿತು, ಕೈ ಮೇಲೆತ್ತಿದಳು ಎಂದು ಅವಳನ್ನೇ ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅವಧಿಪೂರ್ವ ಹೆರಿಗೆಯ ಮುನ್ಸೂಚನೆ ರಕ್ತದಿಂದಲೇ ಸಿಕ್ಕೀತೇ? 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಗರ್ಭಿಣಿಯರ ರಕ್ತದ ಪ್ರತಿರಕ್ಷಣಾ ಕಣಗಳನ್ನು ಒಂದೊಂದಾಗಿ ಅಳೆದು, ಅವುಗಳ ಬದಲಾವಣೆಯ ಕ್ರಮದಿಂದಲೇ ಗರ್ಭದ ವಯಸ್ಸನ್ನು ಅಂದಾಜಿಸಿ ತೋರಿಸಿದರು. ಎಲ್ಲರಲ್ಲೂ ಹೀಗೊಂದು ಗಡಿಯಾರವಿದ್ದರೆ, ಅದು ಮುಂದೋಡುವುದನ್ನು ನೋವು ಏಳುವ ಮೊದಲೇ ಹಿಡಿಯಬಹುದು. ಬರೀ ಬಿಳಿಕಣಗಳ ಒಟ್ಟು ಲೆಕ್ಕ ಇದಕ್ಕೆ ಸಾಲದು. ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನಿಂದಲೂ ಆ ಸಂಖ್ಯೆ ಏರುತ್ತದೆ. ಯಾವ ಕಣ, ಯಾವ ವಾರದಲ್ಲಿ, ಯಾವ ಸಂಕೇತಕ್ಕೆ ಎಷ್ಟು ಕೆರಳುತ್ತದೆ ಎಂಬುದನ್ನೇ ಅಳೆಯಬೇಕು.