ತಿರುಗುವ ಚಿಪ್ಪಿಗೆ ಗುರುತ್ವದ ಅಲೆ ಬಡಿದರೆ: ಆ '2' ಎಲ್ಲಿಂದ ಬಂತು?

ಮೂರು ದಿನ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆ: ತಿರುಗುವ ಚಿಪ್ಪಿಗೆ (ಟೊಳ್ಳು ಗೋಳಕ್ಕೆ) ಗುರುತ್ವದ ಅಲೆಯ, ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆಯ, ಫ್ರೀಕ್ವೆನ್ಸಿ 'ಅ − 2ತ' ಆಗಿ ಕಾಣುತ್ತದೆ. ಇಲ್ಲಿ ಅ ಅಂದರೆ ಅಲೆಯ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಸಲ ಹಿಗ್ಗಿಸಿ ಕುಗ್ಗಿಸುತ್ತದೆ ಅನ್ನುವುದು), ತ ಅಂದರೆ ಚಿಪ್ಪು ಸೆಕೆಂಡಿಗೆ ಎಷ್ಟು ಸುತ್ತು ಹಾಕುತ್ತದೆ ಅನ್ನುವುದು. ಕಳೆಯುವುದು ಅರ್ಥವಾಯಿತು. ಓಡುವ ಬಸ್ಸಿನಲ್ಲಿ ಕೂತವರಿಗೆ ಪಕ್ಕದ ಬಸ್ಸು ನಿಧಾನ ಅನ್ನಿಸುತ್ತದಲ್ಲ, ಹಾಗೆ. ಆದರೆ 2 ಯಾಕೆ? ನಿನ್ನೆ ರಾತ್ರಿ ಹೊಳೆಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಚಿತ್ರ ಇಷ್ಟೇ. ತೆಳ್ಳಗಿನ ಟೊಳ್ಳು ಗೋಳ, ತನ್ನ ಅಕ್ಷದ ಮೇಲೆ ತಿರುಗುತ್ತಿದೆ. ಅಲೆ ಅದೇ ಅಕ್ಷದ ಗುಂಟ ಬರುತ್ತಿದೆ. (ಓರೆಯಾಗಿ ಬಂದರೆ ಲೆಕ್ಕ ಜಾಸ್ತಿ, ಇಲ್ಲಿ ಬೇಡ.) ಅಲೆ ಒಂದು ದಿಕ್ಕಿಗೆ ಹಿಗ್ಗಿಸಿದಾಗ ಅದಕ್ಕೆ ಅಡ್ಡ ದಿಕ್ಕಿಗೆ ಕುಗ್ಗಿಸುತ್ತದೆ. ಪ್ರಮಾಣ ತೀರಾ ಚಿಕ್ಕದು. 2015ರ ಸೆಪ್ಟೆಂಬರ್ 14ರಂದು ಲೈಗೋ (ಇಂಥ ಅಲೆ ಪತ್ತೆಹಚ್ಚುವ ಯಂತ್ರ) ಹಿಡಿದ ಮೊದಲ ಅಲೆಯಲ್ಲಿ, 4 ಕಿಲೋಮೀಟರ್ ಉದ್ದದ ಎರಡು ತೋಳುಗಳ ನಡುವೆ ಬಂದ ವ್ಯತ್ಯಾಸ ಪ್ರೋಟಾನಿನ ಅಗಲದ ನೂರರಲ್ಲಿ ಒಂದು ಪಾಲೂ ಇರಲಿಲ್ಲ.

ಈಗ ಕುಕ್ಕರಿನ ಗ್ಯಾಸ್ಕೆಟ್ ತಗೊಳ್ಳಿ. ನಾನು ಎಸೆಯಲು ಇಟ್ಟಿದ್ದ ಹಳೇದನ್ನು ತಗೊಂಡೆ. ಮೇಜಿನ ಮೇಲಿಟ್ಟು, ಅಂಚಿನಲ್ಲಿ ಚಾಕ್‌ಪೀಸಿನಿಂದ ಒಂದು ಚುಕ್ಕೆ ಹಾಕಿ. ಎದುರುಬದುರಾಗಿ ಎರಡು ಕಡೆ ಒತ್ತಿದರೆ ಉದ್ದುದ್ದ ಆಗುತ್ತದೆ. ಗ್ಯಾಸ್ಕೆಟ್ ತಿರುಗಿಸಬೇಡಿ, ಒತ್ತುವ ಜಾಗವನ್ನಷ್ಟೇ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಿ. ಉದ್ದನೆಯ ಆಕಾರ ಸುತ್ತು ಹೊಡೆಯುತ್ತದೆ. ಚುಕ್ಕೆ ಮಾತ್ರ ಇದ್ದ ಜಾಗದಲ್ಲೇ ಆಚೀಚೆ ಅಲ್ಲಾಡುತ್ತದೆ. ವೃತ್ತಾಕಾರದ ಧ್ರುವೀಕರಣ ಇರುವ ಅಲೆ (ಹಿಗ್ಗಿಸುವ ದಿಕ್ಕೇ ಸುತ್ತುತ್ತಾ ಹೋಗುವಂಥದ್ದು) ಮಾಡುವುದೂ ಇದನ್ನೇ. ತಿರುಗುವುದು ಆಕಾರ, ಕಣಗಳಲ್ಲ.

ಈಗ ಎಣಿಸಿ. ಆಕಾರ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಚುಕ್ಕೆ ಎಷ್ಟು ಸಲ ಹೊರಗೆ ಉಬ್ಬಿತು? ಎರಡು ಸಲ. ಉದ್ದನೆಯ ಆಕಾರಕ್ಕೆ ಎರಡು ತುದಿ, ಒಂದೊಂದು ತುದಿ ಹಾದು ಹೋದಾಗಲೂ ಒಂದೊಂದು ಉಬ್ಬು. ಅಂದರೆ ಫ್ರೀಕ್ವೆನ್ಸಿ 250 ಇದ್ದರೆ ಆಕಾರ ಸೆಕೆಂಡಿಗೆ ಸುತ್ತುವುದು 125 ಸಲ ಮಾತ್ರ. ನಾನು ಎಡವಿದ್ದು ಇಲ್ಲೇ. ಆಕಾರವೂ 250 ಸಲ ಸುತ್ತುತ್ತದೆ ಅಂತ ಸುಮ್ನೆ ಅಂದುಕೊಂಡಿದ್ದೆ.

ಚಿಪ್ಪು ಅದೇ ದಿಕ್ಕಿಗೆ ಸೆಕೆಂಡಿಗೆ 100 ಸುತ್ತು ಹಾಕಲಿ. ಅದಕ್ಕೆ ಆಕಾರ 125 − 100 = 25 ಸುತ್ತು ಹಾಕಿದಂತೆ ಕಾಣುತ್ತದೆ. ಸುತ್ತಿಗೆ ಎರಡು ಉಬ್ಬು, ಹಾಗಾಗಿ 50. ಸೂತ್ರದಲ್ಲಿ ಹಾಕಿ: 250 − 200 = 50. ಸರಿಹೋಯಿತು ಅಲ್ವಾ? ಚಿಪ್ಪು ಎದುರು ದಿಕ್ಕಿಗೆ ತಿರುಗಿದರೆ ಕೂಡಿಸಿ, 450. ನೇರ ಧ್ರುವೀಕರಣದ (ಹಿಗ್ಗಿಸುವ ದಿಕ್ಕು ಸುತ್ತದ) ಅಲೆಯಲ್ಲಿ ಎರಡೂ ದಿಕ್ಕಿಗೆ ಸುತ್ತುವ ಅಲೆಗಳು ಬೆರೆತಿರುತ್ತವೆ, ಚಿಪ್ಪಿಗೆ 50 ಮತ್ತು 450 ಎರಡೂ ತಟ್ಟುತ್ತವೆ.

ಹಾಗಾದರೆ ಅಲೆ ಚಿಪ್ಪಿನ ವೇಗ ಬದಲಿಸುತ್ತದಾ? ಒಳಗೆ ಘರ್ಷಣೆ ಇಲ್ಲದಿದ್ದರೆ ಇಲ್ಲ. ಉಬ್ಬು ಅಲೆಯ ತಾಳಕ್ಕೆ ಸರಿಯಾಗಿ ಕುಣಿಯುತ್ತದೆ, ಟಾರ್ಕ್ (ತಿರುಗಿಸುವ ಎಳೆತ) ಸೊನ್ನೆ. ಘರ್ಷಣೆ ಇದ್ದು, ಚಿಪ್ಪು ಆಕಾರಕ್ಕಿಂತ ನಿಧಾನ ಇದ್ದರೆ ಉಬ್ಬು ಸ್ವಲ್ಪ ಹಿಂದೆ ಬೀಳುತ್ತದೆ, ಅಲೆ ಅದನ್ನು ಮುಂದಕ್ಕೆ ಎಳೆಯುತ್ತದೆ. ಭೂಮಿ–ಚಂದ್ರರ ನಡುವೆ ಇದರ ಉಲ್ಟಾ: ಭೂಮಿಯ ಉಬ್ಬು ಚಂದ್ರನಿಗಿಂತ ಮುಂದೆ ಓಡುತ್ತದೆ, ಚಂದ್ರ ಹಿಂದಕ್ಕೆ ಎಳೆದು ದಿನವನ್ನು ನಿಧಾನವಾಗಿ ಉದ್ದ ಮಾಡುತ್ತಿದ್ದಾನೆ.

ಲೆಕ್ಕಕ್ಕೆ ನನ್ನ ಅಡ್ಡದಾರಿ: ಚಿಪ್ಪು ಹೀರಿದ ಶಕ್ತಿಯಲ್ಲಿ ತಿರುಗಾಟಕ್ಕೆ ಹೋಗುವ ಪಾಲು 2ತ/ಅ, ಉಳಿದದ್ದು ಬಿಸಿ. (ಅಲೆ ಶಕ್ತಿಯ ಜೊತೆ ಕೋನೀಯ ಸಂವೇಗವನ್ನೂ, ಅಂದರೆ ತಿರುಗಾಟದ ರಭಸವನ್ನೂ, ಹೊತ್ತು ತರುವುದರಿಂದ.) ತ 100 ಇದ್ದಾಗ ನೂರಕ್ಕೆ 80 ತಿರುಗಾಟಕ್ಕೆ, 20 ಬಿಸಿಗೆ. ತ 125 ಆದರೆ ಬಿಸಿ ಸೊನ್ನೆ. ಚಿಪ್ಪು ಮತ್ತು ಆಕಾರ ಜೊತೆಜೊತೆಗೇ ಹೋಗುತ್ತಿವೆ, ತಿಕ್ಕಾಟವೇ ಇಲ್ಲ.

ತ 200 ಹಾಕಿ ನೋಡಿ. ತಿರುಗಾಟಕ್ಕೆ 160, ಬಿಸಿಗೆ ಮೈನಸ್ 60! ಘರ್ಷಣೆಯಿಂದ ತಂಪು ಹುಟ್ಟುವುದಿಲ್ಲ. ನನ್ನ ಲೆಕ್ಕವೇ ತಪ್ಪು ಅಂತ ಹಾಳೆ ಹರಿದುಹಾಕಿದ್ದೆ. ತಪ್ಪಲ್ಲ, ಎಲ್ಲ ಚಿಹ್ನೆಗಳನ್ನೂ ತಿರುವಿ ಓದಬೇಕು ಅಷ್ಟೆ. ಈಗ ಚಿಪ್ಪೇ ಆಕಾರಕ್ಕಿಂತ ಜೋರು, ಹಾಗಾಗಿ ತನ್ನ ತಿರುಗಾಟದಿಂದ 160 ಕಳೆದುಕೊಳ್ಳುತ್ತದೆ. ಅದರಲ್ಲಿ 60 ಬಿಸಿಯಾಗುತ್ತದೆ, 100 ಅಲೆಗೆ ಸೇರುತ್ತದೆ. ಬಂದ ಅಲೆ ದಪ್ಪವಾಗಿ ಹೊರಡುತ್ತದೆ! ತಿರುಗುವ ವಸ್ತು ಹೀಗೆ ಅಲೆಯನ್ನು ಬಲಪಡಿಸಬಹುದು ಅಂತ ಸೋವಿಯತ್ ಭೌತವಿಜ್ಞಾನಿ ಜೆಲ್ಡೋವಿಚ್ 1971ರಲ್ಲಿ, ಬೆಳಕಿನಂಥ ಅಲೆಗಳ ವಿಷಯದಲ್ಲಿ, ಹೇಳಿದ್ದರು. 2020ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ತಿರುಗುವ ತಟ್ಟೆ ಇಟ್ಟು ಶಬ್ದದ ಅಲೆಗಳಲ್ಲಿ ಇದನ್ನು ಮಾಡಿ ತೋರಿಸಿದರು.

ಒಂದು ಎಚ್ಚರಿಕೆ. ತಿರುಗುವ ಚಿಪ್ಪು ಅಂದ ಕೂಡಲೇ 1918ರಲ್ಲಿ ಥಿರಿಂಗ್ ಎಂಬ ಭೌತವಿಜ್ಞಾನಿ ಮಾಡಿದ ಲೆಕ್ಕವೂ ಕಣ್ಣಿಗೆ ಬೀಳುತ್ತದೆ. ಅಲ್ಲಿ ಚಿಪ್ಪು ತಿರುಗಿದರೆ ಒಳಗಿನ ಜೈರೋಸ್ಕೋಪ್ (ದಿಕ್ಕು ಬಿಡದೆ ತಿರುಗುವ ಬುಗುರಿಯಂಥ ಚಕ್ರ) ತುಸು ಅದೇ ದಿಕ್ಕಿಗೆ ವಾಲುತ್ತದೆ. ಅದರಲ್ಲಿ ಹೊರಗಿಂದ ಬರುವ ಅಲೆಯೇ ಇಲ್ಲ. ಎರಡನ್ನೂ ಕಲಸಬೇಡಿ.

ನಿಜವಾದ ಚಿಪ್ಪು ಬೇಕಿದ್ದರೆ ನ್ಯೂಟ್ರಾನ್ ನಕ್ಷತ್ರದ (ಸತ್ತ ದೊಡ್ಡ ನಕ್ಷತ್ರದ ಅತಿ ದಟ್ಟ ತಿರುಳಿನ) ಹೊರಪದರ ಇದೆ, ಸುಮಾರು ಒಂದು ಕಿಲೋಮೀಟರ್ ದಪ್ಪ. ಟೆರ್ಜಾನ್ 5 ಎಂಬ ತಾರಾಗುಚ್ಛದಲ್ಲಿರುವ ಒಂದು ಪಲ್ಸಾರ್ (ತಿರುಗುತ್ತಾ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಸೆಕೆಂಡಿಗೆ 716 ಸುತ್ತು ಹಾಕುತ್ತದೆ. ಅದರ ಮೇಲೆ ನಮ್ಮ 250ರ ಅಲೆಯನ್ನು ಬಿಟ್ಟರೆ 250 − 1432 = −1182. ಮೈನಸ್ ಅಂದರೆ, ಆ ಪಲ್ಸಾರಿನ ಮೇಲೆ ಕೂತವರಿಗೆ ಆಕಾರ ಹಿಂದುಹಿಂದಕ್ಕೆ ಸುತ್ತುತ್ತಿರುತ್ತದೆ.