ಕೂಲೆಂಟ್ ಟ್ಯಾಂಕಿನ ಖಾಲಿ ಜಾಗಕ್ಕೂ ಕೆಲಸವಿದೆ

ಆಯುಧಪೂಜೆಗೆ ಕಾರು ತೊಳೆಯುವಾಗ, ಇಲ್ಲವೇ ಆಗುಂಬೆ, ಶಿರಾಡಿ ಹತ್ತುವ ಮುಂಚೆ ಬಾನೆಟ್ ತೆರೆಯುವ ರೂಢಿ ನಮ್ಮಲ್ಲಿದೆ. ತೆರೆದ ಮೇಲೆ ಕೈ ಸುಮ್ಮನಿರುವುದಿಲ್ಲ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಅರ್ಧ ಟ್ಯಾಂಕೇ ಇದೆಯಲ್ಲ ಎಂದು ಕಂಠದವರೆಗೆ ಸುರಿದು ಮುಚ್ಚಳ ಬಿಗಿಯುತ್ತಾರೆ. ಟೈರಿನಡಿ ಇಟ್ಟ ನಿಂಬೆಹಣ್ಣಿನಿಂದ ಎಂಜಿನ್ನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ‘ಜಾಸ್ತಿ ಇದ್ದರೆ ಒಳ್ಳೆಯದು’ ಎಂಬ ಈ ನಂಬಿಕೆ ಮಾತ್ರ ಹಾಗಲ್ಲ.

ಸಣ್ಣ ಕಾರಿನ ಎಂಜಿನ್, ರೇಡಿಯೇಟರ್, ಹೋಸ್ ಎಲ್ಲ ಸೇರಿ ಸುಮಾರು 5 ಲೀಟರ್ ಕೂಲೆಂಟ್ ಹಿಡಿಯುತ್ತವೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 30 ಡಿಗ್ರಿಯಲ್ಲಿದ್ದದ್ದು ಓಡಾಟದಲ್ಲಿ 90 ದಾಟುತ್ತದೆ. ಅಷ್ಟರಲ್ಲಿ ಅದು ನೂರಕ್ಕೆ ಮೂರೂವರೆಯಿಂದ ನಾಲ್ಕರಷ್ಟು ಹಿಗ್ಗುತ್ತದೆ, ಅಂದರೆ ಹತ್ತಿರ ಹತ್ತಿರ 200 ಮಿಲಿ. ದ್ರವವನ್ನು ಅದುಮಿ ಚಿಕ್ಕದು ಮಾಡಲು ಬರುವುದಿಲ್ಲ. ಹೆಚ್ಚಾದ ಆ ಒಂದು ಲೋಟಕ್ಕೆ ಎಲ್ಲಾದರೂ ಜಾಗ ಬೇಕೇ ಬೇಕು. ಟ್ಯಾಂಕಿನಲ್ಲಿ ಗರಿಷ್ಠ ಮಟ್ಟ ತೋರಿಸುವ ಮ್ಯಾಕ್ಸ್ ಗೆರೆಯ ಮೇಲೆ ಖಾಲಿ ಬಿಟ್ಟಿರುವುದು ಅದಕ್ಕೇ.

ಟ್ಯಾಂಕಿನಲ್ಲಿ ಎರಡು ಜಾತಿ. ರೇಡಿಯೇಟರ್ ಮೇಲೆಯೇ ಲೋಹದ ಒತ್ತಡದ ಕ್ಯಾಪ್ ಇದ್ದು, ಅಲ್ಲಿಂದ ಸಣ್ಣ ಟ್ಯೂಬ್ ಬಂದು ಸೇರುವ ಪ್ಲಾಸ್ಟಿಕ್ ಬಾಟಲಿ ಒಂದು ಬಗೆ. ಅದರ ಮುಚ್ಚಳ ಬರೀ ಒತ್ತಿ ಕೂರಿಸುವಂಥದ್ದು, ಒಳಗೆ ಒತ್ತಡವಿಲ್ಲ. ಇಲ್ಲಿ ಹೆಚ್ಚು ಹಾಕಿದರೆ ಬಿಸಿಯಾದಾಗ ಮಿಕ್ಕದ್ದು ಹೊರಗೆ ಚೆಲ್ಲಿ, ಮಟ್ಟ ತಾನಾಗಿ ಸರಿಹೋಗುತ್ತದೆ. ನೆಲ ಅಂಟಂಟಾಗುತ್ತದೆ, ಬಾನೆಟ್ ಸುತ್ತ ಸಿಹಿ ವಾಸನೆ ಬರುತ್ತದೆ, ಅಷ್ಟೇ. ಇನ್ನೊಂದು ಬಗೆಯಲ್ಲಿ ರೇಡಿಯೇಟರಿಗೆ ಕ್ಯಾಪ್ ಇರುವುದಿಲ್ಲ. ಟ್ಯಾಂಕಿಗೇ ತಿರುಗಿಸುವ ದಪ್ಪ ಮುಚ್ಚಳ, ಅದರ ಮೇಲೆ 1.1 ಅಥವಾ 1.4 ಬಾರ್ ಎಂಬಂಥ ಅಂಕಿ. ಬಾರ್ ಎಂದರೆ ಒತ್ತಡದ ಅಳತೆ, ಒಂದು ಬಾರ್ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡದಷ್ಟು. ಎಚ್ಚರ ಬೇಕಾದದ್ದು ಇದಕ್ಕೆ.

ಕುಕ್ಕರಿನಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು ಎಂದು ಕುಚ್ಚಲಕ್ಕಿ ಬೇಯಿಸುವ ಯಾರನ್ನು ಕೇಳಿದರೂ ಹೇಳುತ್ತಾರೆ. ಒತ್ತಡದಿಂದ ಕುದಿಬಿಂದು ಏರುತ್ತದೆ, ಆದರೆ ಒತ್ತಡ ಹಿಡಿತದಲ್ಲಿರಲು ಮೇಲೆ ಜಾಗ ಬೇಕು. ಕಾರಿನಲ್ಲೂ ಇದೇ ನಡೆಯುವುದು. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆತ ಕೂಲೆಂಟ್ ತೆರೆದ ಪಾತ್ರೆಯಲ್ಲಿ 107 ಡಿಗ್ರಿಯ ಆಸುಪಾಸು ಕುದಿಯುತ್ತದೆ. ಒಂದು ಬಾರ್ ಹೆಚ್ಚುವರಿ ಒತ್ತಡ ಕೊಟ್ಟರೆ 129ರ ಹತ್ತಿರ ಹೋಗುತ್ತದೆ. ಮಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ನಮಗೇಕೆ ಈ ಗ್ಲೈಕಾಲ್ ಎಂಬ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಎನ್ನುವವರಿಗೆ ಉತ್ತರದ ಒಂದು ಭಾಗ ಇದು. ಇನ್ನೊಂದು ಭಾಗ, ತುಕ್ಕು ತಡೆಯಲು ಅದರಲ್ಲಿ ಬೆರೆಸಿರುವ ರಾಸಾಯನಿಕಗಳು. ಕಡಲ ಬದಿಯ ಬಾವಿಯ ಉಪ್ಪುಮಿಶ್ರಿತ ನೀರು ಅಲ್ಯೂಮಿನಿಯಂ ರೇಡಿಯೇಟರನ್ನು ಚುಕ್ಕಿಚುಕ್ಕಿಯಾಗಿ ತಿನ್ನುತ್ತದೆ.

ಈಗ ಲೆಕ್ಕ ನೋಡಿ. ತಣ್ಣಗಿದ್ದಾಗ ಟ್ಯಾಂಕಿನಲ್ಲಿ 600 ಮಿಲಿ ಗಾಳಿ ಇದ್ದರೆ, 200 ಮಿಲಿ ಹಿಗ್ಗಿದ ಮೇಲೆ ಗಾಳಿಗೆ 400 ಉಳಿಯಿತು. ಜಾಗ ಕಿರಿದಾದಷ್ಟೂ ಗಾಳಿಯ ಒತ್ತಡ ಏರುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದಂತೆ ಒತ್ತಡ ಒಂದೂವರೆ ಪಟ್ಟು, ಅಂದರೆ ಹೊರಗಿನದಕ್ಕಿಂತ ಅರ್ಧ ಬಾರ್ ಮಾತ್ರ ಹೆಚ್ಚು. ಇದನ್ನೇ ತುಂಬಿಸಿ ತುಂಬಿಸಿ 300 ಮಿಲಿ ಗಾಳಿಗೆ ಇಳಿಸಿದಿರೋ, ಬಿಸಿಯಾದಾಗ ಉಳಿಯುವುದು 100. ಒತ್ತಡ ಮೂರು ಪಟ್ಟು, ಅಂದರೆ ಹೊರಗಿನದಕ್ಕಿಂತ ಎರಡು ಬಾರ್ ಹೆಚ್ಚು! ಗಾಳಿಯೇ ಕಾಯುವುದರಿಂದ ಬರುವ ಒತ್ತಡ, ಆವಿಯ ಒತ್ತಡ ಎರಡನ್ನೂ ನಾನಿಲ್ಲಿ ಸೇರಿಸಿಲ್ಲ. ಹೋಸ್ ಉಬ್ಬಿ ತುಸು ಜಾಗ ಬಿಟ್ಟುಕೊಡುವುದನ್ನೂ ಕಳೆದಿಲ್ಲ. ಅಂತೂ 1.1ರ ಕ್ಯಾಪ್ ಅಷ್ಟು ತಡೆಯುವುದಿಲ್ಲ, ಬಾಯಿ ಬಿಟ್ಟು ಕೂಲೆಂಟ್ ಉಗುಳುತ್ತದೆ. ಉಗುಳಿದರೆ ಪುಣ್ಯ. ಹಳೆಯ ಕ್ಯಾಪಿನ ವಾಲ್ವ್ ಅಂಟಿಕೊಂಡಿದ್ದರೆ ಒತ್ತಡ ಬೇರೆ ದಾರಿ ಹುಡುಕುತ್ತದೆ: ಹೋಸಿನ ಕ್ಲಿಪ್, ರೇಡಿಯೇಟರಿನ ಪ್ಲಾಸ್ಟಿಕ್ ಅಂಚು, ಟ್ಯಾಂಕಿನ ಬೆಸುಗೆ.

ನೀರೇ ಸೇರಿಸದೆ ಅಪ್ಪಟ ಕೂಲೆಂಟ್ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಸ್ಪಿಟ್‌ಫೈರ್ ಯುದ್ಧವಿಮಾನದ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್ನಿಗೆ ಮೊದಮೊದಲು ಶುದ್ಧ ಗ್ಲೈಕಾಲನ್ನೇ ಹಾಕುತ್ತಿದ್ದರು. ಆಮೇಲೆ ಒತ್ತಡದಲ್ಲಿಟ್ಟ 70 ಪಾಲು ನೀರು, 30 ಪಾಲು ಗ್ಲೈಕಾಲಿಗೆ ಬದಲಾಯಿಸಿದರು. ಶಾಖ ಹೊರುವುದರಲ್ಲಿ ನೀರನ್ನು ಮೀರಿಸುವುದು ಕಷ್ಟ: ಒಂದು ಕಿಲೋ ನೀರು ಒಂದು ಡಿಗ್ರಿ ಏರಲು 4.2 ಕಿಲೋಜೂಲ್ ನುಂಗಿದರೆ ಗ್ಲೈಕಾಲ್ ನುಂಗುವುದು 2.4 ಮಾತ್ರ. ಹಾಗೆಂದು ಕ್ಯಾನಿನ ಮೇಲೆ ‘ರೆಡಿ ಟು ಯೂಸ್’ ಎಂದಿದ್ದರೆ ನೀರು ಆಗಲೇ ಬೆರೆತಿರುತ್ತದೆ, ಮತ್ತೆ ಸೇರಿಸಬೇಡಿ.

ಹೆಚ್ಚಾದದ್ದನ್ನು ತೆಗೆಯಲು ಗ್ಯಾರೇಜಿಗೆ ಹೋಗಬೇಕಿಲ್ಲ. ಮೆಡಿಕಲ್‌ನಲ್ಲಿ ಸಿಗುವ 50 ಮಿಲಿಯ ಸಿರಿಂಜ್, ಡ್ರಿಪ್ ಹಾಕುವ ಟ್ಯೂಬಿನ ಒಂದು ಗೇಣು ತುಂಡು, ಒಂದು ಖಾಲಿ ಕ್ಯಾನ್, ಹಳೆಯ ಬಟ್ಟೆ ಸಾಕು. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಮುಟ್ಟುವುದೇ ಉತ್ತಮ. ಕಾರು ಸಮತಟ್ಟಾದ ಜಾಗದಲ್ಲಿರಲಿ. ಮಂಗಳೂರಿನ ಕದ್ರಿ, ಬೆಂದೂರಿನ ಇಳಿಜಾರಿನಲ್ಲಿ ನಿಂತ ಕಾರಿನ ಟ್ಯಾಂಕ್ ತೋರಿಸುವ ಮಟ್ಟವನ್ನು ನಂಬುವಂತಿಲ್ಲ. ಒತ್ತಡದ ಮುಚ್ಚಳವಾದರೆ ಬಟ್ಟೆ ಹಾಕಿ ಕಾಲು ಸುತ್ತು ತಿರುಗಿಸಿ, ಬುಸ್ ಎನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಟ್ಯೂಬನ್ನು ಮ್ಯಾಕ್ಸ್ ಗೆರೆಯ ಕೆಳಗೆ ಸ್ವಲ್ಪವೇ ಇಳಿಸಿ, 50 ಮಿಲಿಯಂತೆ ಎಳೆಯುತ್ತಾ ಮಟ್ಟ ನೋಡಿ. ಗೆರೆಗಿಂತ ಬೆರಳಗಲ ಕೆಳಗೆ ಬಂದರೆ ನಿಲ್ಲಿಸಿ. ಚೆಲ್ಲಿದ್ದನ್ನು ನೀರಿನಿಂದ ಒರೆಸಿ, ಒಮ್ಮೆ ಊರು ಸುತ್ತಿ ಬಂದು, ತಣಿದ ಮೇಲೆ ಮತ್ತೆ ನೋಡಿ.

ಬ್ಯಾಟರಿಯ ಆಸಿಡ್ ಎಳೆದು ಪರೀಕ್ಷಿಸುವ ಹೈಡ್ರೋಮೀಟರಿನಲ್ಲಿ ಕೂಲೆಂಟ್ ಎಳೆಯುವವರಿದ್ದಾರೆ. ಬೇಡ, ಅದರಲ್ಲಿರುವ ಆಸಿಡ್ ಕೂಲೆಂಟಿಗೆ ಸೇರುತ್ತದೆ. ಪೆಟ್ರೋಲ್ ಎಳೆದ ಹಾಗೆ ಬಾಯಿಯಿಂದ ಎಳೆಯುವುದಂತೂ ಬೇಡವೇ ಬೇಡ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ದೇಹದೊಳಗೆ ಅದು ಆಕ್ಸಲಿಕ್ ಆಮ್ಲವಾಗಿ ಮೂತ್ರಪಿಂಡ ಕೆಡಿಸುತ್ತದೆ. ಬೀದಿ ನಾಯಿ, ಬೆಕ್ಕುಗಳು ನೆಕ್ಕಿ ಸಾಯುವುದು ಇದರಿಂದಲೇ. ತೆಗೆದದ್ದು ಶುದ್ಧವಾಗಿದ್ದರೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ, ಮುಂದೆ ಟಾಪ್‌ಅಪ್‌ಗೆ ಆಗುತ್ತದೆ. ತಂಬಿಗೆ, ಜ್ಯೂಸ್ ಬಾಟಲಿಗಳಲ್ಲಿ ತುಂಬಿಡಬೇಡಿ. ಕಸ ಸೇರಿದ್ದರೆ ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ, ತೋಡಿಗೆ ಸುರಿಯಬೇಡಿ. ಕಾರಿನಡಿ ತೊಟ್ಟಿಕ್ಕುವುದು ಬಣ್ಣವಿಲ್ಲದ, ಅಂಟದ ನೀರಾದರೆ ಅದು ಎ.ಸಿ.ಯದು. ಕರಾವಳಿಯ ಸೆಕೆಗೆ ಅದು ಧಾರಾಳವಾಗಿ ಸುರಿಯುತ್ತದೆ, ಚಿಂತೆ ಬೇಡ.

ನೀವೇನೂ ಹಾಕದೆಯೇ ಮಟ್ಟ ಏರಿದ್ದರೆ ಸಿರಿಂಜ್ ಕೆಳಗಿಡಿ. ರೇಡಿಯೇಟರ್ ಕ್ಯಾಪ್ ಇರುವ ಕಾರಾದರೆ, ಪೂರ್ತಿ ತಣಿದಾಗ ಅದನ್ನು ತೆಗೆದು ನೋಡಿ. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿಯಿದ್ದರೆ, ಹೋದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳುವ ಕ್ಯಾಪಿನ ಸಣ್ಣ ವಾಲ್ವ್ ಕೆಟ್ಟಿರಬಹುದು. ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಅದು ಬಹುತೇಕ ಖಚಿತ. ಅದೇ ಅಂಕಿಯ ಹೊಸ ಕ್ಯಾಪ್ ಹಾಕಿ. ಎಂಜಿನ್ ಓಡುವಾಗ ಟ್ಯಾಂಕಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಆಯಿಲ್ ಮುಚ್ಚಳದೊಳಗೆ ನಸುಕಂದು ನೊರೆ ಕಂಡರೆ, ಎಂಜಿನ್ನಿನ ತಲೆಭಾಗವನ್ನು ಸೋರದಂತೆ ಮುಚ್ಚುವ ಹೆಡ್ ಗ್ಯಾಸ್ಕೆಟ್ ಸೋರಿ ಸಿಲಿಂಡರಿನ ಅನಿಲ ಕೂಲೆಂಟಿಗೆ, ಇಲ್ಲವೇ ಕೂಲೆಂಟ್ ಆಯಿಲಿಗೆ ನುಗ್ಗುತ್ತಿರುವ ಸಂಶಯವಿದೆ. ಅಂಥ ಕಾರನ್ನು ಓಡಿಸಿಕೊಂಡು ಹೋಗದೆ ಟೋ ಮಾಡಿಸಿಯೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.